ಟಿವಿ ಮುಂದೆ ಕೂಡ್ರುವವರು ಎಷ್ಟು ಮಂದಿ?

ಮನೆಗೆ ಬಣ್ಣ ಬಳಿಯಲು ಬಂದವನು ನಮ್ಮ ಪಡಸಾಲೆಯ ನಡುವೆ ನಿಂತು, ಸೊಂಟದ ಮೇಲೆ ಕೈಯಿಟ್ಟು ಒಂದು ಸುತ್ತು ತಿರುಗಿ ನೋಡಿದ. ನೋಡಿ, "ಬಾಯಾರ, ಈ ವೈರಗೋಳ ಕಟ್ ಮಾಡಿ ಒಗದ ಬಿಡ್ಲೇನ್ರಿ? ಪುಟ್ಟಿ ಹಚ್ಚಿ ಬಂದ್ ಮಾಡ್ತೀನಿ, ಇಲ್ಲಿ ಒಂದ ತೂತು ಇತ್ತು ಅನ್ನೂದೂ ಗೊತ್ತಾಗೂದಿಲ್ಲ" ಎಂದ.

ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬೆಳಗಾವಿ ಶಿವಬಸವ ನಗರದ ಈ ಮನೆಯ ಪಡಸಾಲೆಯಲ್ಲಿ ಗೋಡೆಯಿಂದ ಏಳು ವೈರುಗಳು ಹೊರಗೆ ಇಣುಕುತ್ತವೆ. ಟಿವಿಯ ಎಡಕ್ಕೊಂದು, ಬಲಕ್ಕೊಂದು, ಕೆಳಗೊಂದು, ಅಕ್ಕಪಕ್ಕದ ಗೋಡೆಗಳಲ್ಲಿ ಎರಡು, ಹಿಂದಿನ ಗೋಡೆಯಲ್ಲಿ ಎರಡು. ಎಲ್ಲದರ ತುದಿಗೂ ಕರಿ ಟೇಪು ಸುತ್ತಿದೆ. ಹನ್ನೆರಡು ವರ್ಷಗಳಿಂದ ಅವು ಹಾಗೆಯೇ ಇವೆ. ಅವುಗಳಲ್ಲಿ ಒಂದಕ್ಕೆ ನಮ್ಮತ್ತೆ ತಮ್ಮ ಕನ್ನಡಕದ ದಾರ ನೇತು ಹಾಕುತ್ತಿದ್ದರು. ಇನ್ನೊಂದಕ್ಕೆ ನಾನು ಕ್ಯಾಲೆಂಡರು ತೂಗು ಹಾಕಿದ್ದೆ. ಬಂದ ನೆಂಟರೆಲ್ಲ ಒಂದಲ್ಲ ಒಂದು ಸಲ ಅವುಗಳನ್ನು ನೋಡಿ, "ಕರೆಂಟ ಹೊಡಿಯೂದಿಲ್ಲೇನ?" ಎಂದು ಕೇಳಿ ದೂರ ಸರಿದು ಕುಳಿತವರೇ.

ಬಣ್ಣದವನಿಗೆ ನಾನು, "ಬ್ಯಾಡಪಾ, ಕಟ್ ಮಾಡಬ್ಯಾಡ. ಅದಕ್ಕ ಹಚ್ಚೂದು ಬರೂದೈತಿ" ಎಂದೆ. ಹಾಗೆ ಯಾಕೆ ಅಂದೆನೋ ಗೊತ್ತಿಲ್ಲ. ಅಂದ ಮೇಲೆ ಬರಲೇಬೇಕಲ್ಲ. ನನಗೆ ಬಾಯಿಂದ ಮಾತು ಮೊದಲು ಬರುತ್ತದೆ, ವಿಚಾರ ಆಮೇಲೆ ಹಿಂದಿನ ಬಸ್ಸಿಗೆ ಬರುತ್ತದೆ.

ಆ ವೈರುಗಳನ್ನು ಎಳೆಸಿದವರು ನಮ್ಮ ಮನೆಯವರು. ಊರ ಹೊರಗಿನ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಅವರದು ಮಾಲು ತಪಾಸಣೆಯ ಕೆಲಸ. ತಯಾರಾದ ಒಂದೊಂದು ಭಾಗವನ್ನೂ ಅಳತೆ ಮಾಡಿ ಪಾಸು, ನಪಾಸು, ಇಲ್ಲವೇ ತಡೆಹಿಡಿ ಎಂದು ಚೀಟಿ ಹಚ್ಚುವುದು. ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಬಿಡುತ್ತಿರಲಿಲ್ಲ. ಆ ಚಟ ಮನೆಗೂ ಬಂತು. ನಾನು ಲಟ್ಟಿಸಿದ ಚಪಾತಿ ಎತ್ತಿ ಬೆಳಕಿಗೆ ಹಿಡಿದು ನೋಡಿ, ಏನೂ ಅನ್ನದೆ ತಟ್ಟೆಗೆ ಇಡುತ್ತಿದ್ದರು. ಏನೂ ಅನ್ನದೆ ಇರುವುದೇ ಹೆಚ್ಚು ಸಿಟ್ಟು ಬರಿಸುತ್ತಿತ್ತು.

ಮನೆ ಕಟ್ಟಿಸುವಾಗಲೇ ಅವರಿಗೆ ಪಡಸಾಲೆಯಲ್ಲಿ ಹೋಮ್ ಥಿಯೇಟರ್ ಮಾಡಬೇಕೆಂಬ ಆಸೆ. ಗೋಡೆ ಮುಗಿಯುವ ಮೊದಲೇ ವೈರು ಎಳೆಸಿದರು. ಮರುವರ್ಷ ಏಳು ಸ್ಪೀಕರು ತಂದರು, ಜೊತೆಗೆ ಗುಡುಗುಡು ಅನ್ನುವ ಒಂದು ದೊಡ್ಡ ಡಬ್ಬಿ. ಅವನ್ನೆಲ್ಲ ಪೆಟ್ಟಿಗೆಯ ಸಮೇತ ಅಟ್ಟದ ಮೇಲೆ ಇಟ್ಟರು. ಉಳಿದದ್ದು ರಿಸೀವರ್ ಒಂದೇ. ರಿಸೀವರ್ ಎಂದರೆ ಟಿವಿಯಿಂದ ಬಂದ ಸದ್ದನ್ನು ಪಾಲು ಮಾಡಿ, ಯಾವ ಸ್ಪೀಕರಿಗೆ ಯಾವುದು, ಎಷ್ಟು ಎಂದು ಹಂಚುವ ಪೆಟ್ಟಿಗೆ. ಹಬ್ಬದ ದಿನ ನಮ್ಮತ್ತೆ ಹೋಳಿಗೆ ಹಂಚುತ್ತಿದ್ದರಲ್ಲ, ಹಾಗೆ. ಅದಿಲ್ಲದೆ ಉಳಿದದ್ದೆಲ್ಲ ಇದ್ದೂ ಇಲ್ಲದಂತೆ.

ಆ ಒಂದು ಪೆಟ್ಟಿಗೆಯನ್ನು ಆರಿಸಲು ನಮ್ಮವರಿಗೆ ಹತ್ತು ವರ್ಷ ಸಾಲಲಿಲ್ಲ. ಕಾರ್ಖಾನೆಯ ತಪಾಸಣಾ ಹಾಳೆಯಂತೆಯೇ ಒಂದು ವಹಿಯಲ್ಲಿ ಗೆರೆ ಹಾಕಿಕೊಂಡಿದ್ದರು. ಪ್ರತಿ ರಿಸೀವರಿಗೂ ಒಂದು ಸಾಲು. ಕೊನೆಯ ಅಂಕಣದಲ್ಲಿ ಅಭಿಪ್ರಾಯ. ಅದರಲ್ಲಿ ಎಲ್ಲ ಕಡೆಗೂ ಒಂದೇ ಶಬ್ದ: ತಡೆಹಿಡಿ. "ತಡಿ, ಮುಂದಿನ ವರ್ಷ ಇದಕ್ಕಿಂತ ಚೊಲೋದು ಬರತೈತಿ" ಎನ್ನುವುದು ಅವರ ಪಲ್ಲವಿ. ಒಮ್ಮೆ ನಾನು ರೇಗಿ, "ಖಾನಾಪುರಕ್ಕ ನನ್ನ ನೋಡಾಕ ಬಂದಾಗ ಮಾತ್ರ ಒಂದ ಸಲಕ್ಕ ಹೆಂಗ ಒಪ್ಪಿದ್ರಿ?" ಎಂದೆ. ಅವರು ವಹಿಯಿಂದ ತಲೆಯೆತ್ತದೆ, "ಆವಾಗ ನನಗ ಇನ್ನೂ ಈ ಕೆಲಸ ಬರತಿರಲಿಲ್ಲ" ಎಂದರು. ಅದು ಚೇಷ್ಟೆಯೋ ಖರೇನೋ ಎಂದು ನಾನು ಮೂರು ದಿನ ಯೋಚಿಸಿದೆ.

ಅತ್ತೆ ಹೋಗಿ ಎಂಟು ವರ್ಷವಾಯಿತು. ನಮ್ಮವರು ಹೋಗಿ ಎರಡು. ನಿವೃತ್ತಿಯಾಗಿ ಆರು ತಿಂಗಳೂ ಆಗಿರಲಿಲ್ಲ. ಚಹಾದ ಬಟ್ಟಲು ಕೆಳಗಿಟ್ಟು ಎದೆ ಒತ್ತಿಕೊಂಡು ಕುಳಿತವರು ಮತ್ತೆ ಏಳಲಿಲ್ಲ. ಮಕ್ಕಳಿಲ್ಲ ನಮಗೆ. ಮೊದಲು ಅದರ ಬಗ್ಗೆ ಬಹಳ ಅತ್ತಿದ್ದೇನೆ, ಆಮೇಲೆ ಬಿಟ್ಟೆ. ಹೋದ ವರ್ಷ ಕಾಲೇಜಿನ ಆಫೀಸಿನ ಗುಮಾಸ್ತಿಕೆಯಿಂದ ನಾನೂ ನಿವೃತ್ತಳಾದೆ. ಅಲ್ಲಿಯವರೆಗೆ ಮನೆಯೆಂದರೆ ಸಂಜೆ ಬಂದು ಮಲಗುವ ಜಾಗವಾಗಿತ್ತು. ಈಗ ಬೆಳಗಿನಿಂದ ಬೆಳಗಿನವರೆಗೆ ಮನೆಯೇ. ಕುಕ್ಕರಿನ ಸೀಟಿಗೆ ನಾನು ಯಾರೋ ಕರೆದರೆಂದು "ಓ" ಎಂದದ್ದೂ ಉಂಟು.

ಆದರೆ ಇದನ್ನು ಯಾರ ಮುಂದೂ ಹೇಳುವಂತಿರಲಿಲ್ಲ. ಯಾಕೆಂದರೆ ನಮ್ಮವರ ದಿನಕರ್ಮದ ಊಟಕ್ಕೆ ಬಂದ ಹೆಂಗಸರು ಕೈತೊಳೆಯುವಲ್ಲಿ ನಿಂತು, "ಪಾಪ, ಇನ್ನ ಒಬ್ಬಾಕಿನ ಆದ್ಲು" ಎಂದು ನನಗೆ ಕೇಳುವಷ್ಟು ಮೆಲ್ಲಗೆ ಆಡಿಕೊಂಡಾಗ, ನನಗೆ ಎಲ್ಲಿತ್ತೋ ಸಿಟ್ಟು, ಎಲ್ಲರೆದುರು, "ನನಗೇನ ಕಮ್ಮಿ? ನನ್ನ ಮನಿ ತುಂಬೈತಿ!" ಎಂದು ಕೂಗಿಬಿಟ್ಟಿದ್ದೆ. ಅಂದ ಮೇಲೆ ತುಂಬಿಸಿ ಇಟ್ಟುಕೊಳ್ಳಬೇಕಲ್ಲ. ಖಾನಾಪುರದಲ್ಲಿರುವ ನನ್ನ ಅಕ್ಕ ಆಯಿತವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಮೊದಮೊದಲು ಪ್ರತಿ ಸಲವೂ, "ನಾಕ ದಿನ ಬಂದ ಇರ್ಲೇನ?" ಎಂದು ಕೇಳುತ್ತಿದ್ದಳು. ಕರುಣೆ ತೋರಿಸಲು ಬರುತ್ತಾಳೆಂದು ನನಗೆ ಅನುಮಾನ. "ಎಲ್ಲಿ ಅಕ್ಕಾ, ಬಾಜೂ ಮನಿ ಹುಡುಗೂರು ಅಭ್ಯಾಸಕ್ಕ ಬಂದ ಕುಂತಿರತಾವ, ನಮ್ಮ ಕಾಲೇಜಿನವರು ಬರತಾರ, ಕಾಲಿಡಾಕ ಜಾಗಾ ಇಲ್ಲ" ಎನ್ನುತ್ತಿದ್ದೆ. ಒಂದು ವರ್ಷ ಕೇಳಿ, ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ನಾನು ಗೆದ್ದೆ ಅಂದುಕೊಂಡೆ.

ಇಂಥ ತುಂಬಿದ ಮನೆಯ ಯಜಮಾನಿ, ಬಣ್ಣದ ಕೆಲಸ ಮುಗಿದ ವಾರ, ಗಂಡನ ವಹಿಯನ್ನು ಚೀಲದಲ್ಲಿಟ್ಟುಕೊಂಡು ಪೇಟೆಗೆ ರಿಸೀವರ್ ಕೊಳ್ಳಲು ಹೊರಟಳು.

ವಹಿಯಲ್ಲಿದ್ದ ಒಂದು ಮಾಡೆಲ್ಲೂ ಈಗ ಸಿಗುವುದಿಲ್ಲವೆಂದು ಮೊದಲ ಅಂಗಡಿಯಲ್ಲೇ ಗೊತ್ತಾಯಿತು. ಅಂಗಡಿಯಾತ ವಹಿಯನ್ನು ಗೌರವದಿಂದಲೇ ತಿರುವಿ ಹಾಕಿ, "ವೈನಿ, ಇವೆಲ್ಲಾ ಜುನೀ ಝಾಲಿ, ಹಳೇವಾದ್ವು. ಹೊಸಾದು ನೋಡೂಣು" ಎಂದು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಹೇಳಿ, ವಹಿ ಮುಚ್ಚಿ ನನ್ನ ಕೈಗೆ ಕೊಟ್ಟ. ಹತ್ತು ವರ್ಷದ ತಪಾಸಣೆ ಒಂದು ನಿಮಿಷದಲ್ಲಿ ನಪಾಸಾಯಿತು. ನನಗೆ ಸ್ವಲ್ಪ ಹಗುರವೂ ಆಯಿತು, ಸುಳ್ಳು ಯಾಕೆ ಹೇಳಲಿ. ಇನ್ನು ನಾನೇ ಆರಿಸಬಹುದು.

ಆಗ ಅವನು ಕೇಳಿದ: "ಟಿವಿ ಮುಂದ ಕೂಡ್ರಾವರು ಎಷ್ಟ ಮಂದಿರಿ ಮನ್ಯಾಗ?"

ವೋಲ್ಟೇಜಿನ ಬಗ್ಗೆ, ವಾರಂಟಿಯ ಬಗ್ಗೆ, ಪಡಸಾಲೆಯ ಉದ್ದಗಲದ ಬಗ್ಗೆ ಕೇಳಿದ್ದರೆ ನಾನು ತಯಾರಾಗಿದ್ದೆ. ಈ ಪ್ರಶ್ನೆಗೆ ತಯಾರಿರಲಿಲ್ಲ. ಬಾಯಿಗೆ ಬಂದದ್ದು, "ನಾಕ ಮಂದಿ." ಅಂದು ಮುಖ ಬೇರೆ ಕಡೆ ತಿರುಗಿಸಿದೆ.

ಎರಡನೆಯ ಅಂಗಡಿಯಲ್ಲೂ ಅದೇ ಪ್ರಶ್ನೆ. ಅಲ್ಲಿ ಐದಾಯಿತು. ಮೂರನೆಯದರಲ್ಲಿ ಆರು. ನಾನು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಪ್ರವೇಶದ ಅರ್ಜಿ ನೋಡಿದವಳು. ಕುಟುಂಬದ ಸದಸ್ಯರ ಸಂಖ್ಯೆ ಎಂಬಲ್ಲಿ ತಪ್ಪು ಬರೆದ ಎಷ್ಟು ಅರ್ಜಿಗಳನ್ನು ಕಿಟಕಿಯಿಂದ ವಾಪಸು ತಳ್ಳಿದ್ದೇನೋ. ಈಗ ನನ್ನ ಕುಟುಂಬ ಅಂಗಡಿಯಿಂದ ಅಂಗಡಿಗೆ ಬೆಳೆಯುತ್ತಿತ್ತು.

ಮೂರನೆಯ ಅಂಗಡಿಯ ಮಾಲೀಕರು ವಯಸ್ಸಾದವರು, ಸಮಾಧಾನದ ಮನುಷ್ಯ. ಒಳಗೆ ಒಂದು ಸಣ್ಣ ಕತ್ತಲೆ ಕೋಣೆಯಲ್ಲಿ ಮೆತ್ತನೆಯ ಕುರ್ಚಿಯಲ್ಲಿ ನನ್ನನ್ನು ಕೂಡಿಸಿ ಸದ್ದು ಕೇಳಿಸಿದರು. ತಲೆಯ ಮೇಲೆ ಮಳೆ ಬಂತು. ನಾನು ಸೆರಗು ಹೊದ್ದುಕೊಂಡೆ. ಹಿಂದೆ ಯಾರೋ ಬಾಗಿಲು ತೆಗೆದರು. ಎದ್ದು ದಾರಿ ಬಿಟ್ಟೆ. ಅವರು ನಗಲಿಲ್ಲ. ಚಹಾ ತರಿಸಿ, ಆರು ಮಂದಿ ಎಂದರೆ ಯಾರ್ಯಾರು ಎಂದು ವಿಚಾರಿಸಿದರು. ನಾನು ಗಂಡ ಎಂದೆ, ಅತ್ತೆ ಎಂದೆ, ಅಲ್ಲಿಗೆ ನಿಂತು, ಉಳಿದವರನ್ನು "ಮಕ್ಕಳು" ಎಂಬ ಒಂದು ಶಬ್ದದಲ್ಲಿ ಮುಗಿಸಿದೆ. ಆ ಶಬ್ದ ಆಡುವಾಗ ನಾಲಿಗೆ ಒಂದಿಷ್ಟು ತೊಡರಿತು.

"ಅತ್ತಿಯವರಿಗೆ ಕಿವಿ ಹೆಂಗ್ರಿ?"

"ಮಂದ," ಎಂದೆ. ಇದು ಮಾತ್ರ ಖರೇ. ಇದ್ದಾಗ ಅವರಿಗೆ ಕಿವಿ ಮಂದವೇ ಇತ್ತು, ಬೇಕಾದ್ದು ಬಿಟ್ಟು.

"ಹಂಗಾರ ಇದ ತಗೋರಿ," ಎಂದು ಅವರು ಒಂದು ಕರಿ ಪೆಟ್ಟಿಗೆಯ ಮೇಲೆ ಕೈಯಿಟ್ಟರು. "ಇದರಾಗ ಮಾತು ಬ್ಯಾರೆ ಎತ್ತಿ ಕೊಡಾಕ ಬರತೈತಿ, ವಯಸ್ಸಾದವರಿಗೆ ತ್ರಾಸ ಇಲ್ಲ. ಮತ್ತ ಇದರ ಜೋಡಿ ಒಂದ ಮೈಕ್ ಬರತೈತಿ. ಮನ್ಯಾಗ ಯಾರ್ಯಾರು ಎಲ್ಲೆಲ್ಲಿ ಕೂಡ್ರತಾರ ಆ ಜಾಗಾದಾಗೆಲ್ಲಾ ಅದನ್ನ ಇಟ್ಟ ಅಳತಿ ಮಾಡಿದ್ರ, ಎಂಟ ಮಂದಿ ತನಕಾ ಎಲ್ಲಾರಿಗೂ ಸರಿಯಾಗಿ ಸದ್ದ ಹಂಚತೈತಿ. ಯಾರಿಗೂ ಕಮ್ಮಿಲ್ಲ, ಯಾರಿಗೂ ಜಾಸ್ತಿಲ್ಲ."

ಹೀಗೆ ತೀರಿಹೋದ ಅತ್ತೆಯ ಕಿವಿಯ ಮೇಲೆ, ಇಲ್ಲದ ಮಕ್ಕಳ ಲೆಕ್ಕದ ಮೇಲೆ ನನ್ನ ರಿಸೀವರ್ ಆಯ್ಕೆಯಾಯಿತು. ಹೊರಡುವಾಗ ಅವರು, "ನಾಳೆ ನಿಮ್ಮ ಮನಿಯವರನ್ನೂ ಕರಕೊಂಡ ಬರ್ರಿ, ಅವರೂ ಒಮ್ಮೆ ಕೇಳ್ಲಿ" ಎಂದರು. ನಾನು, "ಅವರಿಗೆ ಮಚ್ಛೆದಾಗ ರಜಾ ಸಿಗೂದಿಲ್ಲರಿ" ಎಂದೆ. ಬಸ್ಸಿನಲ್ಲಿ ಕುಳಿತು ಬರುವಾಗ, ಇಷ್ಟು ದೊಡ್ಡ ಸಾಮಾನು ಕೊಳ್ಳುವಾಗಲೂ ಒಂದು ದಿನ ರಜೆ ಹಾಕಲಿಲ್ಲವಲ್ಲ ಎಂದು ನಮ್ಮವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂತು. ಎರಡು ಸ್ಟಾಪು ದಾಟುವವರೆಗೆ ಆ ಸಿಟ್ಟು ಹಿತವಾಗಿತ್ತು. ಮೂರನೆಯದರಲ್ಲಿ ಕಣ್ಣೊರೆಸಿಕೊಂಡೆ.

ಸುಳ್ಳಿನಲ್ಲಿ ನಾನು ಹೊಸಬಳಲ್ಲ, ಅದನ್ನೂ ಹೇಳಿಬಿಡುತ್ತೇನೆ. ಖಾನಾಪುರದಲ್ಲಿ ನಾವು ಸಣ್ಣವರಿದ್ದಾಗ ಟಿವಿ ಇನ್ನೂ ಬಂದಿರಲಿಲ್ಲ, ನಮ್ಮ ಓಣಿಗೆಲ್ಲ ಒಂದೇ ಸಿನಿಮಾ ಪ್ರೊಜೆಕ್ಟರು. ಅದೂ ತಾಲೂಕು ಕಚೇರಿಯ ಸಾಹೇಬರ ಮನೆಯಲ್ಲಿ. ಆಯಿತವಾರ ಸಂಜೆ ಸಿನಿಮಾ. ಒಳಗೆ ಕೂಡ್ರಲು ದೊಡ್ಡವರಿಗೇ ಜಾಗವಿರುತ್ತಿರಲಿಲ್ಲ, ನಾವು ಹುಡುಗರು ಕಿಟಕಿಗೆ. ಕಿಟಕಿ ಎತ್ತರದಲ್ಲಿತ್ತು. ನನಗಿಂತ ಏಳು ವರ್ಷ ದೊಡ್ಡವಳಾದ ಅಕ್ಕ ನನ್ನನ್ನು ಎತ್ತಿ ಹಿಡಿಯುತ್ತಿದ್ದಳು. ನನ್ನ ಭಾರಕ್ಕೆ ಬಗ್ಗಿ ಅವಳ ಮುಖ ಗೋಡೆಗೆ. ನನಗೆ ಕಾಣುತ್ತಿತ್ತು, ಅವಳಿಗೆ ಕಾಣುತ್ತಿರಲಿಲ್ಲ. "ಏನಾತ? ಈಗ ಏನಾತ?" ಎಂದು ಕೆಳಗಿನಿಂದ ಕೇಳುತ್ತಿದ್ದಳು. ಹಿಂದಿ ನನಗೇನು ತಿಳಿಯುತ್ತಿತ್ತು? ಮುಂದಿನವರ ತಲೆ ಅಡ್ಡ ಬಂದರೆ ಚಿತ್ರವೂ ಇಲ್ಲ. ಆದರೆ ಏನೂ ಆಗಲಿಲ್ಲವೆಂದರೆ ಅವಳು ಇಳಿಸಿಬಿಟ್ಟಾಳು ಎಂಬ ಹೆದರಿಕೆ. ಅದಕ್ಕೆ ಕಥೆ ಕಟ್ಟಿ ಹೇಳುತ್ತಿದ್ದೆ. ನಾಯಕಿ ಬಾವಿಗೆ ಬಿದ್ದಳು, ನಾಯಕ ಹಗ್ಗ ಇಳಿಬಿಟ್ಟ, ಹಗ್ಗ ಹರಿಯಿತು. ಅಕ್ಕ ಅಯ್ಯೋ ಎನ್ನುತ್ತಿದ್ದಳು. ಮನೆಗೆ ಹೋಗುವ ದಾರಿಯಲ್ಲಿ ತೋಳು ತಿಕ್ಕಿಕೊಳ್ಳುತ್ತ, "ಚೊಲೋ ಇತ್ತು ಇವತ್ತಿನ ಸಿನಿಮಾ" ಎನ್ನುತ್ತಿದ್ದಳು.

ಮದುವೆಯಾಗಿ ಬೆಳಗಾವಿಗೆ ಬಂದ ಮೇಲೆ ಮನೆಯಲ್ಲಿ ಟಿವಿ ಇತ್ತು, ಕಿಟಕಿಗೆ ಜೋತು ಬೀಳುವ ಕೆಲಸವಿರಲಿಲ್ಲ. ಆದರೂ ಪಡಸಾಲೆಯಲ್ಲಿ ಕುಳಿತು ನೋಡಿದ್ದು ನನಗೆ ನೆನಪಿಲ್ಲ. ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಹೆಗಲು ಕೊಟ್ಟು, ಕೈಯಲ್ಲಿ ಸೌಟು ಹಿಡಿದು ನಿಂತೇ ನೋಡುವುದು. ಒಲೆಯ ಮೇಲೆ ಹಾಲಿರುತ್ತಿತ್ತು, ಇಲ್ಲವೇ ಅತ್ತೆಗೆ ನೀರು ಬೇಕಾಗುತ್ತಿತ್ತು. ಕೂಡ್ರು ಎಂದು ಯಾರೂ ಅನ್ನಲಿಲ್ಲವೆಂದಲ್ಲ. ನಮ್ಮವರು ಅನ್ನುತ್ತಿದ್ದರು. ಬಂದೆ ಬಂದೆ ಎನ್ನುತ್ತಲೇ ಧಾರಾವಾಹಿಗಳೆಲ್ಲ ಮುಗಿದುಹೋದವು.

ಇರಲಿ. ರಿಸೀವರ್ ಬಂತು. ಅದನ್ನು ಜೋಡಿಸಲು ಅಂಗಡಿಯವರು ಪರಶುರಾಮ ಎಂಬವರನ್ನು ಕಳಿಸಿದರು. ಐವತ್ತು ದಾಟಿದ ಮನುಷ್ಯ, ಕಿವಿಯ ಮೇಲೆ ಪೆನ್ಸಿಲು, ಮಳೆಗೆ ತೊಯ್ದ ರೇನ್‌ಕೋಟು. ಆಷಾಢದ ಜಿಟಿಜಿಟಿ ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ಅವರು ಅಟ್ಟದಿಂದ ಸ್ಪೀಕರು ಇಳಿಸಿದರು, ಒರೆಸಿದರು, ಮೊಳೆ ಹೊಡೆದು ಕೂಡಿಸಿದರು. ಗೋಡೆಯ ವೈರುಗಳ ಟೇಪು ಬಿಚ್ಚಿ ಒಂದೊಂದನ್ನೇ ಪರೀಕ್ಷೆ ಮಾಡಿದರು. ಏಳಕ್ಕೆ ಏಳೂ ಸರಿಯಿದ್ದವು.

"ಯಾರ ಎಳದಾರ್ರಿ ಬಾಯಾರ ಇದನ್ನ? ಕೆಲಸ ಅಂದ್ರ ಕೆಲಸ!"

"ನಮ್ಮ ಮನಿಯವರು ನಿಂತ ಎಳಿಸ್ಯಾರ" ಎಂದೆ.

"ಎಲ್ಲಿ ಅದಾರ? ಕರೀರಿ, ಎಲ್ಲಾರನ್ನೂ ಕರೀರಿ. ಆರ ಮಂದಿ ಅಂತ ಅಂಗಡ್ಯಾಗ ಬರದ ಕೊಟ್ಟಾರ. ಅವರವರ ಜಾಗಾದಾಗ ಕುಂದರಲಿ, ಕಿವಿ ಎತ್ತರ ನೋಡಿ ಮೈಕ್ ಇಡಬೇಕು."

ಬಣ್ಣದವನು ಇಳಿಸಿದ ನಮ್ಮವರ ಫೋಟೋ ಇನ್ನೂ ಒಳಗಿನ ಕೋಣೆಯಲ್ಲೇ ಇತ್ತು. ಹಣೆ ನೋಡಿದರೆ ವಿಧವೆಯೆಂದು ತಿಳಿಯುವ ಕಾಲವೂ ಇದಲ್ಲ. ಸಿಕ್ಕಿಬೀಳುವ ಕಾರಣವಿಲ್ಲವೆಂದು ಧೈರ್ಯವಾಗಿಯೇ, "ಎಲ್ಲಾರೂ ಖಾನಾಪುರಕ್ಕ ಮದವಿಗೆ ಹೋಗ್ಯಾರ್ರಿ" ಎಂದೆ.

ಪರಶುರಾಮ ಸ್ಕ್ರೂಡ್ರೈವರು ಕೆಳಗಿಟ್ಟರು. "ಆಷಾಢದಾಗ ಯಾರ ಮದವಿ ಇಟ್ಟಾರ್ರಿ ಬಾಯಾರ?"

ಆಷಾಢದಲ್ಲಿ ಮದುವೆ ಮಾಡುವುದಿಲ್ಲವೆಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತು. ಮನೆಯಲ್ಲಿ ಇನ್ನೊಬ್ಬರಿದ್ದರೆ ಇವತ್ತು ಯಾವ ಮಾಸ, ಯಾವ ತಿಥಿ ಎಂದು ದಿನಕ್ಕೊಮ್ಮೆ ಮಾತು ಬರುತ್ತದೆ. ಒಬ್ಬಳೇ ಇದ್ದವಳಿಗೆ ಮಾಸವೆಲ್ಲಿಯದು.

"ನಾನೂ ಖಾನಾಪುರದಾಂವನ," ಎಂದು ಅವರು ಮತ್ತೆ ಸ್ಕ್ರೂಡ್ರೈವರು ಎತ್ತಿಕೊಂಡರು. "ಅಲ್ಲಿ ಮದವಿ ಅಂದ್ರ ಮೈಕ್ ಹಚ್ಚಾಂವ ನಾನ. ಆಷಾಢದಾಗ ಖಾಲಿ ಇರತೀನಿ ಅಂತನ ಈ ಕೆಲಸಕ್ಕ ಬರತೀನಿ." ಅಷ್ಟು ಹೇಳಿ, ನನ್ನ ಮುಖ ನೋಡದೆ, "ಇರಲಿ ಬಿಡ್ರಿ. ಮಂದಿ ಬ್ಯಾಡ, ಜಾಗಾ ತೋರಸ್ರಿ ಸಾಕು" ಎಂದರು.

ನಾನು ತೋರಿಸಿದೆ. ಅತ್ತೆಯ ಕುರ್ಚಿ ಇಲ್ಲಿ. ಕಿವಿ ಎಷ್ಟು ಎತ್ತರ ಎಂದಾಗ ನನ್ನ ಎದೆಯ ಮಟ್ಟಕ್ಕೆ ಕೈ ಹಿಡಿದೆ. ಕೊನೆಕೊನೆಗೆ ಬಹಳ ಬಾಗಿದ್ದರು. ಪರಶುರಾಮ ಮೂರು ಕಾಲಿನ ಕಡ್ಡಿಗೆ ಮೈಕು ಸಿಕ್ಕಿಸಿ ಅಲ್ಲಿಟ್ಟರು. ಯಂತ್ರ ಪಡಸಾಲೆಯ ಮೂಲೆಮೂಲೆಯಿಂದ ಕೀರಲು ದನಿ ಹೊರಡಿಸಿ, ತಾನೇ ಕೇಳಿಸಿಕೊಂಡು ಬರೆದುಕೊಂಡಿತು. ಆಮೇಲೆ ನಮ್ಮವರ ಜಾಗ. "ಇವರದು?" ಎಂದಾಗ ನಾನು ಕುರ್ಚಿಯ ಹಿಂದೆ ನಿಂತು ಕೈ ಚಾಚಿದೆ. ವಿಚಾರ ಮಾಡಬೇಕಾಗಲಿಲ್ಲ. ಚಹಾ ಕೊಡುವಾಗ, ಶರ್ಟಿನ ಕಾಲರು ಸರಿಮಾಡುವಾಗ, ಕೊನೆಗೆ ಆ ದಿನ ಅಲ್ಲಾಡಿಸಿ ಕರೆಯುವಾಗ ಹೋದ ಕೈ ಅದು. ಸರಿಯಾಗಿ ಅದೇ ಎತ್ತರಕ್ಕೆ ಹೋಗಿ ನಿಂತಿತು. ಪರಶುರಾಮ ಅಳತೆಯ ಪಟ್ಟಿ ಹಿಡಿದು ನೋಡಿ, ಪೆನ್ಸಿಲಿನಿಂದ ಬರೆದುಕೊಂಡರು. ನನ್ನ ಕೈ ಮಾತ್ರ ಇನ್ನೂ ಅಲ್ಲೇ ಇತ್ತು.

"ಬಾಯಾರ, ನಿಮ್ಮದು?"

ನಾನು ಅಡುಗೆಮನೆಯ ಚೌಕಟ್ಟು ತೋರಿಸಿದೆ.

"ಅದು ಬಾಗಲ್ರಿ. ಕೂಡ್ರೂ ಜಾಗಾ ಕೇಳೀನಿ."

"ಅದ ನನ್ನ ಜಾಗಾ."

"ಅಲ್ಲಿ ನಿಂತ್ರ ಒಂದ ಸ್ಪೀಕರ್ ಅಷ್ಟ ಕೇಳತೈತಿ. ಇಷ್ಟೆಲ್ಲಾ ತಂದ ಏನ ಬಂತು?"

ಹಾಗೇ ಬಂದು ನೆಲದ ಮೇಲೆ ಕುಳಿತೆ. ಕುಳಿತು, "ಪರಶುರಾಮ ಅವರ, ಅಳತಿ ಮಾಡಿದ್ದೆಲ್ಲಾ ಅಳಸ್ರಿ. ಇಲ್ಲಿ ಯಾರೂ ಇಲ್ಲ. ನಾ ಒಬ್ಬಾಕಿನ ಇರತೀನಿ" ಎಂದೆ. ಎರಡು ವರ್ಷದಲ್ಲಿ ಆ ಮಾತನ್ನು ನನ್ನ ಬಾಯಿಂದ ನಾನೇ ಮೊದಲ ಸಲ ಕೇಳಿದ್ದು. ಕೇಳಿ ನನಗೇ ಗಾಬರಿಯಾಯಿತು.

ಅವರು ಪಾಪ ಅನ್ನಲಿಲ್ಲ. ಯಾಕೆ ಸುಳ್ಳು ಹೇಳಿದಿರಿ ಎಂದೂ ಕೇಳಲಿಲ್ಲ. ರಿಮೋಟು ಒತ್ತಿ ಎಲ್ಲವನ್ನೂ ಅಳಿಸಿದರು. "ಒಬ್ಬರಿಗೆ ಆದ್ರ ಎರಡ ಸ್ಪೀಕರ್ ಸಾಕಿತ್ತಲ್ರಿ. ಇಷ್ಟ ದೊಡ್ಡದು ಬ್ಯಾಡಾದ್ರ ಇದನ್ನ ವಾಪಸ ಮಾಡಿ ಸಣ್ಣದು ಕೊಡಸ್ತೀನಿ" ಎಂದರು, ಒಳ್ಳೆಯ ಮನಸ್ಸಿನಿಂದಲೇ.

ಆ ಗಾಬರಿಯೆಲ್ಲ ಅಲ್ಲಿಗೆ ನಿಂತು ನನಗೆ ರೋಷ ಬಂತು. "ಯಾಕ? ಒಬ್ಬಾಕಿ ಆದ್ರ ಹಿಂದಿನಿಂದ ಸದ್ದ ಕೇಳಬಾರದೇನ? ಏಳೂ ಹಚ್ಚರಿ!"

"ಹಚ್ಚತೀನಿ, ಹಚ್ಚತೀನಿ," ಎಂದು ಅವರು ಮೊದಲ ಸಲ ನಕ್ಕರು. ನಮ್ಮವರ ಕುರ್ಚಿಯನ್ನು ಅಲ್ಲೇ ಬಿಟ್ಟು, ಒಳಗಿನಿಂದ ನಾನು ಕಾಯಿಪಲ್ಯ ಹೆಚ್ಚಲು ಕೂಡ್ರುವ ಬೆತ್ತದ ಕುರ್ಚಿ ತಂದು ಪಡಸಾಲೆಯ ನಡುವೆ ಇಟ್ಟರು. ನನ್ನನ್ನು ಕೂಡಿಸಿ, ನೆಲದಿಂದ ಕಿವಿಯವರೆಗೆ ಪಟ್ಟಿ ಹಿಡಿದು ಅಳೆದರು. ಹೆಣ್ಣು ನೋಡಲು ಬಂದಾಗಲೂ ಇಷ್ಟು ನಾಚಿಕೊಂಡಿರಲಿಲ್ಲ ನಾನು. ಒಂದೇ ಸಲ ಅಳತೆಯಾಯಿತು. ಇನ್ನೊಂದು ಜಾಗ ಇದೆಯೇ ಎಂದು ಯಂತ್ರ ಟಿವಿಯ ಮೇಲೆ ಬರೆದು ಕೇಳಿತು. ಇಲ್ಲ ಎಂದು ಒತ್ತಿ, ಚಹಾ ಕುಡಿದು, ಪರಶುರಾಮ ಮಳೆಯಲ್ಲೇ ಹೊರಟರು.

ಅವರು ಹೋದ ಮೇಲೆ ಬೆತ್ತದ ಕುರ್ಚಿಯಲ್ಲಿ ಕುಳಿತು ಟಿವಿ ಹಚ್ಚಿದೆ. ಯಾವುದೋ ಹಾಡಿನ ಸ್ಪರ್ಧೆ. ಸಣ್ಣ ಹುಡುಗಿಯೊಬ್ಬಳು ಹಾಡಿ ಮುಗಿಸಿದಳು. ಆಗ ನನ್ನ ಬೆನ್ನ ಹಿಂದೆ ನೂರಾರು ಮಂದಿ ಒಮ್ಮೆಲೇ ಚಪ್ಪಾಳೆ ತಟ್ಟಿದರು. ಎಷ್ಟು ಹತ್ತಿರ, ಎಷ್ಟು ಖರೇ ಎಂದರೆ ನಾನು ತಿರುಗಿ ನೋಡಿದೆ. ಹೊಸ ಬಣ್ಣದ ಗೋಡೆಯಿತ್ತು. ಸದ್ದು ನಿಲ್ಲಿಸಿದೆ.

ಆಯಿತವಾರ ಅಲ್ಲದಿದ್ದರೂ ಅಕ್ಕನಿಗೆ ಫೋನು ಮಾಡಿದೆ. ಅವಳು ಗಾಬರಿಯಿಂದ, "ಏನಾತ ತಂಗಿ?" ಎಂದಳು.

"ಏನೂ ಆಗಿಲ್ಲ ಅಕ್ಕಾ. ನಾ ನಿನಗ ಸುಳ್ಳ ಹೇಳೀನಿ. ಇಲ್ಲಿ ಯಾವ ಹುಡುಗೂರೂ ಬರೂದಿಲ್ಲ, ಯಾರೂ ಬರೂದಿಲ್ಲ. ಒಬ್ಬಾಕಿಗೆ ಇರಾಕ ಆಗವಲ್ದು."

ಫೋನು ಕಡಿಯಿತೇನೋ ಎಂದು ನಾನು ಹಲೋ ಹಲೋ ಅಂದೆ.

"ಅದೀನಿ," ಎಂದಳು ಅಕ್ಕ. ದನಿ ತಗ್ಗಿಸಿದ್ದಳು, ಯಾರಿಗೋ ಕೇಳಬಾರದೆಂಬಂತೆ. "ನಿನ್ನ ಮನಿ ತುಂಬೈತಿ ಅಂದಿ, ಅದಕ್ಕ ಮತ್ತ ಕೇಳಲಿಲ್ಲ. ಮಗಾ ಸೊಸಿ ಚೊಲೋನ ಅದಾರ, ಬೈಯೂದಿಲ್ಲ. ಆದ್ರ ಎರಡ ಖೋಲಿ ಮನಿ. ಅವರು ಒಂದರಾಗ, ಸೊಸಿ ಕೂಸ ನೋಡಕೊಳ್ಳಾಕ ಬೀಗಿತಿ ಬಂದ ಇದ್ದಾಳ, ಆಕಿ ಕೂಸಿನ ಜೋಡಿ ಇನ್ನೊಂದರಾಗ. ಎರಡ ವರ್ಷ ಆತ, ನಾ ಕಟ್ಟಿ ಮ್ಯಾಲೆ ಕೂಡ್ರತೀನಿ. ಈಗ ಮಳಿ, ಕಟ್ಟಿನೂ ತೊಯ್ತೈತಿ."

ನಾಲ್ಕು ದಿನ ಬಂದು ಇರಲೇ ಎಂದು ಅವಳು ವರ್ಷವಿಡೀ ಕೇಳಿದ್ದು ನನ್ನ ಮೇಲಿನ ಕರುಣೆಗಲ್ಲ. ಅವಳು ಜಾಗ ಕೇಳುತ್ತಿದ್ದಳು. ಬರಿದಾದ ಮನೆಯಲ್ಲಿ ಕುಳಿತುಕೊಂಡು ನಾನು ಅವಳಿಗೆ ಜಾಗವಿಲ್ಲ ಎಂದಿದ್ದೆ. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. "ನಾಳೆ ಬಾ" ಎಂದೆ.

ನನ್ನ ಅಕ್ಕ, ಅರವತ್ತೆಂಟು ವರ್ಷದವಳು, ಅಳುಕುತ್ತ ಕೇಳಿದಳು: "ಎಷ್ಟ ದಿನಕ್ಕ ಬರ್ಲಿ?"

"ಇದ್ದ ಸೀರಿ ಅರಿವಿ ಎಲ್ಲಾ ತಗೊಂಡ ಬಾ," ಎಂದೆ.